ಹುಳುವಿನ ಕಣ್ಣು ರೇಷ್ಮೆ ಯಾಕೆ ನೂಲುವುದಿಲ್ಲ

ಬೆಂಗಳೂರಿನ ಜಯನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಕೇಳಲು ಬಂದವರಲ್ಲಿ ನಿವೃತ್ತರಿದ್ದರು, ಕಾಲೇಜು ಹುಡುಗ ಹುಡುಗಿಯರಿದ್ದರು, ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರೂ ಇದ್ದರು. ಬರೆಯುವಾಗ ಒಂದೆರಡು ಕಡೆ ಮಾತು ಸೇರಿಸಿದ್ದೇನೆ. ಉಳಿದದ್ದು ಅಲ್ಲಿ ಹೇಳಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಿಂದ ಒಂದು ಸ್ಟೀಲ್ ಡಬ್ಬಿ ಹೊರಟಿದೆ. ಅದರಲ್ಲಿ ಮೊನ್ನೆ ರಾಮನಗರದ ಮಾರುಕಟ್ಟೆಯಿಂದ ತಂದ ರೇಷ್ಮೆ ಗೂಡುಗಳಿವೆ. ಒಂದನ್ನು ಕೈಗೆ ತೆಗೆದುಕೊಳ್ಳಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಆಮೇಲೆ ಪಕ್ಕದವರಿಗೆ ಕೊಡಿ. ಒಳಗೆ ಏನೋ ಲೊಟಲೊಟ ಅನ್ನುತ್ತದೆ, ಅಲ್ವಾ? ಅದು ಪ್ಯೂಪಾ, ಹುಳು ಚಿಟ್ಟೆಯಾಗುವ ಮೊದಲಿನ ಅವಸ್ಥೆ. ಅದರ ಸುತ್ತ ಇರುವುದು ಒಂದೇ ಒಂದು ಎಳೆ. ಒಳ್ಳೆಯ ದ್ವಿತಳಿ ಗೂಡಾದರೆ ಅದು ಸುಮಾರು 1000 ಮೀಟರ್ ಉದ್ದ ಬರುತ್ತದೆ.

ನಾನು ಬೆಳೆದದ್ದು ಶಿಡ್ಲಘಟ್ಟದ ಕಡೆ. ಮನೆಯಲ್ಲಿ ಅರ್ಧ ನಮಗೆ, ಅರ್ಧ ಹುಳುಗಳಿಗೆ. ಅಮ್ಮ ರಾತ್ರಿ ಎದ್ದು ಸೊಪ್ಪು ಹಾಕುವಾಗ ಟಾರ್ಚ್ ಹಿಡಿಯುವುದು ನನ್ನ ಕೆಲಸವಾಗಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಹಸಿವು ಹೇಳತೀರದು. ಒಂದು ವಾರ ತಿಂದು, ಮೈ ಹಣ್ಣಾಗಿ, ತಲೆ ಎತ್ತಿ ಆಡಿಸಲು ಶುರು ಮಾಡಿದರೆ ಅಮ್ಮ ಅವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡುತ್ತಿದ್ದರು. ಒಮ್ಮೆ ಕೇಳಿದ್ದೆ, "ಅಮ್ಮ, ಇದು ಬಾಯಿಂದ ಮಾತ್ರ ಯಾಕೆ ದಾರ ಬಿಡುತ್ತೆ? ಕಾಲಿಂದ ಯಾಕೆ ಬಿಡಲ್ಲ?" ಅಮ್ಮ ಸೊಪ್ಪು ಹರಡುತ್ತಲೇ ಹೇಳಿದರು, "ದಾರದ ಚೀಲ ಹೊಟ್ಟೇಲಿದೆ ಕಣೇ, ಕಾಲಲ್ಲಿಲ್ಲ."

ಅಮ್ಮನ ಉತ್ತರ ಸರಿ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ದಾರ ಮಾಡುವ ಜೀನ್, ಅಂದರೆ ಡಿಎನ್ಎಯಲ್ಲಿ ಅಕ್ಷರಗಳಲ್ಲಿ ಬರೆದ ಹಾಗಿರುವ ಸೂಚನೆ, ಕಾಲಿನ ಜೀವಕೋಶದಲ್ಲೂ ಇದೆ. ಕಣ್ಣಿನಲ್ಲೂ ಇದೆ, ಚರ್ಮದಲ್ಲೂ ಇದೆ. ಆದರೂ ಅವು ಒಂದು ಎಳೆಯನ್ನೂ ಮಾಡುವುದಿಲ್ಲ. ಜೀನ್ ಇದ್ದೂ ಸುಮ್ಮನಿರುವುದು ಹೇಗೆ? ಇವತ್ತು ನಾನು ಮಾತಾಡುವುದು ಇದರ ಬಗ್ಗೆ.

ರೇಷ್ಮೆ ಎಳೆಯ ಮುಖ್ಯ ಪ್ರೋಟೀನ್ ಫೈಬ್ರೋಯಿನ್. ಅದನ್ನು ಮಾಡುವುದು ರೇಷ್ಮೆ ಗ್ರಂಥಿಯ ಹಿಂಭಾಗದ ಕೋಶಗಳು. ಅದೇ ಗ್ರಂಥಿಯ ನಡುಭಾಗ ಸೆರಿಸಿನ್ ಎಂಬ ಅಂಟು ಮಾಡುತ್ತದೆ. ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕಿದಾಗ ಮೆತ್ತಗಾಗುವುದು ಈ ಅಂಟೇ. ಇಲ್ಲೇ ಸ್ವಲ್ಪ ನಿಂತು ನೋಡಿ. ಒಂದೇ ಗ್ರಂಥಿ, ಒಂದೇ ಕೊಳವೆ. ಹಿಂದಿನ ಕೋಶಗಳು ಎಳೆ ಮಾಡುತ್ತವೆ, ಅಂಟಿನ ಜೀನನ್ನು ಮುಟ್ಟುವುದಿಲ್ಲ. ನಡುವಿನವು ಅಂಟು ಮಾಡುತ್ತವೆ, ಎಳೆಯ ಜೀನನ್ನು ಮುಟ್ಟುವುದಿಲ್ಲ. ಹುಳು ಜ್ವರಕ್ಕೆ ಕೂತಾಗ ಎಳೆಯ ಜೀನ್ ತಾತ್ಕಾಲಿಕವಾಗಿ ಆಫ್ ಆಗುತ್ತದೆ, ಜ್ವರ ಎದ್ದ ಮೇಲೆ ಮತ್ತೆ ಆನ್ ಆಗುತ್ತದೆ.

ಇಷ್ಟೊಂದು ರೇಷ್ಮೆ ಮಾಡಬೇಕಾದರೆ ಗ್ರಂಥಿಯ ಕೋಶ ಆ ಒಂದು ಜೀನಿನ ಸಾವಿರಾರು ಪ್ರತಿಗಳನ್ನು ಮಾಡಿಟ್ಟುಕೊಂಡಿರಬೇಕು ಎಂಬ ಅನುಮಾನ ಹಿಂದೆ ಇತ್ತು. 1972ರಲ್ಲಿ ಯೋಶಿಯಾಕಿ ಸುಝುಕಿ ಮತ್ತು ಜೊತೆಗಾರರು ಅಳೆದು ನೋಡಿದರು. ಗ್ರಂಥಿಯ ಕೋಶದಲ್ಲಿ ಒಟ್ಟು ಡಿಎನ್ಎ ಬಹಳ ಜಾಸ್ತಿ ಇರುತ್ತದೆ, ನಿಜ. ಆದರೆ ಎಲ್ಲ ಜೀನ್‌ಗಳೂ ಒಂದೇ ಸಮ ಹೆಚ್ಚಿರುತ್ತವೆ. ಅದರಲ್ಲಿ ಫೈಬ್ರೋಯಿನ್ ಜೀನಿನ ಪಾಲು ಬೇರೆ ಅಂಗಗಳ ಕೋಶದಲ್ಲಿ ಇರುವಷ್ಟೇ. ಹಾಗಾದರೆ ವ್ಯತ್ಯಾಸ ಜೀನಿನ ಲೆಕ್ಕದಲ್ಲಿಲ್ಲ. ಅದನ್ನು ಓದುವುದರಲ್ಲಿ ಇದೆ.

ನಮ್ಮ ಮೈಯಲ್ಲೂ ಕಥೆ ಇದೇ. ಪ್ರೋಟೀನ್ ಮಾಡುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000 ಇವೆ. ಇನ್ಸುಲಿನ್ ಜೀನ್ ನಿಮ್ಮ ಮೂಗಿನ ತುದಿಯ ಕೋಶದಲ್ಲೂ ಇದೆ, ಆದರೆ ಇನ್ಸುಲಿನ್ ಬರುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಿಂದ. ಕಣ್ಣಿನ ಮಸೂರವನ್ನು ತುಂಬುವ ಕ್ರಿಸ್ಟಲಿನ್‌ಗಳು, ಲಿವರ್ ಮಾಡುವ ಆಲ್ಬುಮಿನ್, ರಕ್ತದ ಹಿಮೋಗ್ಲೋಬಿನ್, ಇವಕ್ಕೆಲ್ಲ ಒಂದೊಂದು ಮನೆ ಇದೆ. ಉಳಿದ ಮನೆಗಳಲ್ಲಿ ಆ ಜೀನ್ ಬಾಯಿ ಬಿಡುವುದಿಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಒಂದು ಊಹೆ ಮಾಡಿದ್ದರು. ಭ್ರೂಣ ಬೆಳೆಯುತ್ತಾ ಕೋಶಗಳು ತಮಗೆ ಬೇಡದ್ದನ್ನು ಕಳೆದುಕೊಳ್ಳುತ್ತಾ ಹೋಗುತ್ತವೆ ಎಂದು. ಬಹಳ ಸಹಜವಾದ ಊಹೆ. ಬೇಡದ ಸಾಮಾನನ್ನು ಯಾರು ಹೊತ್ತು ತಿರುಗುತ್ತಾರೆ? ಆದರೆ 1962ರಲ್ಲಿ ಜಾನ್ ಗರ್ಡನ್ ಕಪ್ಪೆಮರಿಯ ಕರುಳಿನ ಕೋಶದಿಂದ ನ್ಯೂಕ್ಲಿಯಸ್, ಅಂದರೆ ಜೀನ್‌ಗಳಿರುವ ಕೋಶಕೇಂದ್ರ, ತೆಗೆದು, ತನ್ನ ನ್ಯೂಕ್ಲಿಯಸ್ ಕಳೆದುಕೊಂಡ ಮೊಟ್ಟೆಗೆ ಸೇರಿಸಿದ್ದನ್ನು ಪ್ರಕಟಿಸಿದರು. ಎಷ್ಟೋ ಮೊಟ್ಟೆಗಳು ಕೆಟ್ಟವು. ಕೆಲವು ಪೂರ್ತಿ ಕಪ್ಪೆಗಳಾದವು. ಕರುಳಿನ ಕೋಶದಲ್ಲಿ ಕಣ್ಣಿನ ಜೀನ್, ಕಾಲಿನ ಜೀನ್, ಮಿದುಳಿನ ಜೀನ್ ಎಲ್ಲ ಹಾಗೇ ಇದ್ದವು. 1996ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿ ಬಂದದ್ದು ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ. ಬಲಿತ ಕೋಶವೂ ಏನನ್ನೂ ಎಸೆದಿರಲಿಲ್ಲ. ಇದಕ್ಕೆ ಹೊರತಾದ ಕೋಶಗಳಿವೆ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ನ್ಯೂಕ್ಲಿಯಸ್ಸನ್ನೇ ಹೊರಹಾಕುತ್ತದೆ. ಅದನ್ನು ಬದಿಗಿಡೋಣ.

ಈಗ ಮೌನದ ವಿಷಯ. ಇದರಲ್ಲಿ ಎರಡು ಬಗೆ ಇದೆ. ಎರಡನ್ನೂ ಕಲಸಿದರೆ ಗೊಂದಲವಾಗುತ್ತದೆ.

ಮೊದಲನೆಯದು, ಕರೆಯುವವರೇ ಇಲ್ಲದ ಮೌನ. ಜೀನ್ ತಾನಾಗಿ ಕೆಲಸ ಶುರು ಮಾಡುವುದಿಲ್ಲ. ಅದರ ಹತ್ತಿರದ ಡಿಎನ್ಎ ಮೇಲೆ ಕೆಲವು ಪ್ರೋಟೀನ್‌ಗಳು ಬಂದು ಕೂತು ಅದನ್ನು ಎಬ್ಬಿಸಬೇಕು. ಹಿಮೋಗ್ಲೋಬಿನ್ ಜೀನನ್ನು ಎಬ್ಬಿಸುವ ಪ್ರೋಟೀನ್‌ಗಳ ತಂಡ ರಕ್ತಕಣ ತಯಾರಾಗುವ ಕೋಶಗಳಲ್ಲಿ ಇದೆ, ಮಿದುಳಿನ ಕೋಶದಲ್ಲಿ ಆ ತಂಡ ಇಲ್ಲ. ಹಾಗಾಗಿ ಅಲ್ಲಿ ಆ ಜೀನ್ ಮಲಗಿರುತ್ತದೆ. ದೇಹದಲ್ಲಿನ ಮೌನದಲ್ಲಿ ದೊಡ್ಡ ಪಾಲು ಈ ಬಗೆಯದು.

ಎರಡನೆಯದು, ಕಾವಲು ಕೂತ ಮೌನ. ನನಗೆ ಜಾಸ್ತಿ ಇಷ್ಟವಾದದ್ದು ಇದು, ಇದರ ಒಳ್ಳೆಯ ಉದಾಹರಣೆ ರೆಸ್ಟ್ ಎಂಬ ಪ್ರೋಟೀನ್. 1995ರಲ್ಲಿ ಅಮೆರಿಕದ ಎರಡು ಲ್ಯಾಬ್‌ಗಳು, ಡೇವಿಡ್ ಆಂಡರ್ಸನ್ ಅವರದೊಂದು, ಗೇಲ್ ಮ್ಯಾಂಡೆಲ್ ಅವರದೊಂದು, ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು. ಅವರ ಪ್ರಶ್ನೆ ನನ್ನ ಬಾಲ್ಯದ ಪ್ರಶ್ನೆಯೇ. ನರಕೋಶಕ್ಕೆ ಮಾತ್ರ ಬೇಕಾದ ಜೀನ್‌ಗಳು ಚರ್ಮದಲ್ಲಿ, ಲಿವರ್‌ನಲ್ಲಿ ಯಾಕೆ ಆನ್ ಆಗುವುದಿಲ್ಲ? ಹುಡುಕಿದಾಗ ಅಂಥ ಅನೇಕ ಜೀನ್‌ಗಳ ಪಕ್ಕದಲ್ಲಿ 21 ಅಕ್ಷರಗಳ ಒಂದೇ ರೀತಿಯ ಗುರುತು ಸಿಕ್ಕಿತು. ರೆಸ್ಟ್ ಹೋಗಿ ಕೂರುವುದು ಆ ಗುರುತಿನ ಮೇಲೆ. ಕೂತು ತನ್ನ ಜೊತೆ ಇನ್ನಷ್ಟು ಪ್ರೋಟೀನ್‌ಗಳನ್ನು ಕರೆಸಿಕೊಂಡು ಆ ಜಾಗವನ್ನು ಮುಚ್ಚಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು, ಈ ಕಾವಲುಗಾರ ಇರುವುದು ನರಕೋಶ ಅಲ್ಲದ ಕೋಶಗಳಲ್ಲಿ. ಭ್ರೂಣದಲ್ಲಿ ಒಂದು ಕೋಶ ನರಕೋಶವಾಗುವ ಹಾದಿ ಹಿಡಿದಾಗ ಅಲ್ಲಿ ರೆಸ್ಟ್ ಕಡಿಮೆಯಾಗುತ್ತಾ ಬರುತ್ತದೆ. ಕಾವಲು ತೆಗೆದ ಕೂಡಲೇ ಆ ಜೀನ್‌ಗಳಿಗೆ ದಾರಿ ಬಿಡುತ್ತದೆ. ಈ ಪ್ರೋಟೀನ್ ಇಲ್ಲದ ಇಲಿಗಳನ್ನು 1998ರಲ್ಲಿ ಮಾಡಿ ನೋಡಿದರು. ಮರಿಗಳು ಹುಟ್ಟುವ ಮೊದಲೇ ಸತ್ತವು. ನರಕೋಶದ ಜೀನ್ ಇರಬಾರದ ಜಾಗಗಳಲ್ಲಿ ಆನ್ ಆಗಿತ್ತು.

ನಿಮ್ಮ ಅಂಗೈಯ ಚರ್ಮ ಸುಮ್ನೆ ಚರ್ಮವಾಗಿ ಉಳಿದಿಲ್ಲ. ಅದು ನರವಾಗದ ಹಾಗೆ ಅಲ್ಲಿ ಈ ಕ್ಷಣವೂ ಕೆಲಸ ನಡೆಯುತ್ತಿದೆ. ಈ ವಿಷಯ ಓದಿದ ದಿನ ನಾನು ಬಹಳ ಹೊತ್ತು ನನ್ನ ಕೈ ನೋಡುತ್ತಾ ಕೂತಿದ್ದೆ.

ಮುಚ್ಚಿಸುತ್ತದೆ ಎಂದೆ. ಹೇಗೆ? ಮಗ್ಗದ ಮನೆಗಳಲ್ಲಿ ಕಂಡಿಕೆ ನೋಡಿದ್ದೀರಿ. ದಾರ ಅದಕ್ಕೆ ಸುತ್ತಿರುತ್ತದೆ. ನಮ್ಮ ಒಂದು ಕೋಶದ ಡಿಎನ್ಎ ಬಿಚ್ಚಿ ಎಳೆದರೆ ಸುಮಾರು 2 ಮೀಟರ್. ಅದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ನ್ಯೂಕ್ಲಿಯಸ್ಸಿನಲ್ಲಿ ಹಿಡಿಸಬೇಕು. ಅದಕ್ಕೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಪುಟ್ಟ ಕಂಡಿಕೆಗಳಿವೆ. ಒಂದೊಂದರಲ್ಲಿ 8 ಹಿಸ್ಟೋನ್‌ಗಳು. ಸುತ್ತ ಡಿಎನ್ಎಯ 147 ಅಕ್ಷರ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. ಈ ಕಂಡಿಕೆಗಳು ಸಡಿಲವಾಗಿದ್ದರೆ ಜೀನ್ ಓದಬಹುದು. ಒತ್ತೊತ್ತಾಗಿ ಕೂತರೆ ಓದುವ ಯಂತ್ರ ಒಳಗೆ ಹೋಗಲಾರದು.

ಸಡಿಲವೋ ಬಿಗಿಯೋ ಎಂದು ಹೇಳಲು ಹಿಸ್ಟೋನ್‌ಗಳಿಗೆ ಬಾಲದ ಹಾಗೆ ಚಾಚಿದ ತುದಿಗಳಿವೆ. ಅವುಗಳ ಮೇಲೆ ಅಸಿಟೈಲ್ ಎಂಬ ಗುರುತು ಹಚ್ಚಿದರೆ ಸಡಿಲ. ಅದನ್ನು ಕಿತ್ತು, ಸರಿಯಾದ ಜಾಗದಲ್ಲಿ ಮೀಥೈಲ್ ಗುರುತು ಹಚ್ಚಿದರೆ ಬಿಗಿ. ರೆಸ್ಟ್ ಕರೆಸುವ ತಂಡದಲ್ಲಿ ಅಸಿಟೈಲ್ ಕೀಳುವವರು ಇರುತ್ತಾರೆ. ಹಣ್ಣಿನ ನೊಣದಲ್ಲಿ ಮೊದಲು ಕಂಡ ಪಾಲಿಕೋಂಬ್ ಎಂಬ ಇನ್ನೊಂದು ತಂಡ ಮೀಥೈಲ್ ಹಚ್ಚುತ್ತದೆ. ಇದಲ್ಲದೆ ಡಿಎನ್ಎ ಮೇಲೆಯೇ, ಸಿ ಎಂಬ ಅಕ್ಷರಕ್ಕೆ, ಮೀಥೈಲ್ ಚುಕ್ಕೆ ಇಡುವುದೂ ಉಂಟು. ನಮ್ಮಂಥ ಸಸ್ತನಿಗಳಲ್ಲಿ ಈ ಚುಕ್ಕೆ ಬಹಳ. ರೇಷ್ಮೆ ಹುಳುವಿನಲ್ಲಿ ಬಹಳ ಕಡಿಮೆ. ಎಲ್ಲ ಜೀವಿಗಳೂ ಒಂದೇ ಬೀಗ ಬಳಸುವುದಿಲ್ಲ.

ಚುಕ್ಕೆಯ ಬಗ್ಗೆ ಒಂದು ಸೊಗಸಾದ ವಿಷಯ ಹೇಳಲೇಬೇಕು. ಲಿವರ್ ಕೋಶ ಎರಡಾದಾಗ ಎರಡೂ ಲಿವರ್ ಕೋಶಗಳೇ ಆಗುತ್ತವೆ. ಯಾವ ಜೀನ್ ಮುಚ್ಚಿತ್ತು ಎಂಬ ನೆನಪು ಮರಿ ಕೋಶಗಳಿಗೂ ಹೋಗುತ್ತದೆ. ಹೇಗೆ ಹೋಗುತ್ತದೆ? 1975ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಅದೇ ವರ್ಷ ಅಮೆರಿಕದ ಆರ್ಥರ್ ರಿಗ್ಸ್, ಒಂದು ಊಹೆ ಮುಂದಿಟ್ಟರು. ಡಿಎನ್ಎ ಎರಡು ಎಳೆಯದು. ಪ್ರತಿ ಮಾಡುವಾಗ ಹಳೆಯ ಎಳೆಯ ಮೇಲೆ ಚುಕ್ಕೆ ಉಳಿದಿರುತ್ತದೆ, ಹೊಸ ಎಳೆ ಖಾಲಿ ಇರುತ್ತದೆ. ಒಂದು ಕಿಣ್ವ ಹಿಂದೆಯೇ ಬಂದು, ಹಳೆಯದರಲ್ಲಿ ಚುಕ್ಕೆ ಇದ್ದ ಕಡೆಯೆಲ್ಲ ಹೊಸದರಲ್ಲೂ ಇಡುತ್ತದೆ. ಊಹೆ ನಿಜವಾಯಿತು. ಅಂಥ ಕಿಣ್ವ ಇದೆ. ನಮ್ಮ ಮನೆಯಲ್ಲಿ ಅಜ್ಜಿ ಬೆಳಿಗ್ಗೆ ನಿನ್ನೆಯ ರಂಗೋಲಿಯ ಮಾಸಿದ ಚುಕ್ಕಿ ನೋಡಿಕೊಂಡು ಅದರ ಮೇಲೆಯೇ ಇಡುತ್ತಿದ್ದರು. ನನಗೆ ಈ ಕಿಣ್ವ ಅಂದರೆ ಅಜ್ಜಿಯ ಬೆರಳು ನೆನಪಾಗುತ್ತದೆ.

ಆ ಕೆಲಸ ನಿಲ್ಲಿಸಿದರೆ ಏನಾಗುತ್ತದೆ? 1970ರ ದಶಕದ ಕೊನೆಯಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ಆಝಾಸೈಟಿಡೀನ್ ಎಂಬ ವಸ್ತುವನ್ನು ಲ್ಯಾಬಿನಲ್ಲಿ ಬೆಳೆಸಿದ ಇಲಿಯ ಸಾಧಾರಣ ಕೋಶಗಳಿಗೆ ಹಾಕಿದರು. ಅದು ಆ ಚುಕ್ಕೆ ಇಡುವ ಕಿಣ್ವವನ್ನು ಹಿಡಿದು ಹಾಕುತ್ತದೆ. ಕೆಲವು ದಿನಗಳಾದ ಮೇಲೆ ತಟ್ಟೆಯಲ್ಲಿ ಕೆಲವು ಕೋಶಗಳು ಸ್ನಾಯುವಾಗಿದ್ದವು, ಕೆಲವು ಕೊಬ್ಬಿನ ಕೋಶಗಳಾಗಿದ್ದವು, ಕೆಲವು ಮೃದ್ವಸ್ಥಿ. ಅವಕ್ಕೆ ಹೊಸ ಜೀನ್ ಯಾರೂ ಕೊಟ್ಟಿರಲಿಲ್ಲ. ಒಳಗೆ ಮುಚ್ಚಿದ್ದದ್ದು ತೆರೆಯಿತು, ಅಷ್ಟೇ. ಇದೇ ಔಷಧವನ್ನು ಇವತ್ತು ಮೂಳೆಮಜ್ಜೆಯ ಕೆಲವು ಕಾಯಿಲೆಗಳಿಗೆ ಕೊಡುತ್ತಾರೆ. ಕ್ಯಾನ್ಸರಿನಲ್ಲಿ ಈ ಗುರುತುಗಳು ಎರಡೂ ದಿಕ್ಕಿನಲ್ಲಿ ಕೆಡುತ್ತವೆ. ಗಡ್ಡೆ ಬೆಳೆಯದ ಹಾಗೆ ತಡೆಯುವ, ತೆರೆದಿರಬೇಕಾದ ಜೀನ್‌ಗಳು ಮುಚ್ಚುತ್ತವೆ, ವೃಷಣದಲ್ಲಿ ಮಾತ್ರ ಇರಬೇಕಾದ ಕೆಲವು ಜೀನ್‌ಗಳು ಚರ್ಮದ ಗಡ್ಡೆಯಲ್ಲಿ ತೆರೆದುಕೊಳ್ಳುತ್ತವೆ.

ಬೆಂಗಳೂರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ನಿಮ್ಮ ಕಾಂಪೌಂಡಿನ ದಾಸವಾಳದ ಗಿಡಕ್ಕೆ ಬಿಳಿ ಹತ್ತಿಯ ಹಾಗೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಗೊತ್ತಲ್ವಾ? ಎಷ್ಟು ಬೇವಿನೆಣ್ಣೆ ಹೊಡೆದರೂ ಮತ್ತೆ ಬರುತ್ತದೆ. ಆ ಜಾತಿಯ ಗಂಡು ಕೀಟಗಳಲ್ಲಿ ಒಂದು ವಿಚಿತ್ರವಿದೆ. ಭ್ರೂಣ ಇನ್ನೂ ಚಿಕ್ಕದಿರುವಾಗಲೇ, ಅಪ್ಪನಿಂದ ಬಂದ ಕ್ರೋಮೋಸೋಮ್‌ಗಳ, ಅಂದರೆ ಡಿಎನ್ಎ ಕಟ್ಟುಗಳ, ಇಡೀ ಗುಂಪು ಬಿಗಿಯಾಗಿ ಸುರುಳಿ ಸುತ್ತಿ ಮೌನವಾಗುತ್ತದೆ. ಹೆಣ್ಣಿನಲ್ಲಿ ಹಾಗಾಗುವುದಿಲ್ಲ. 1961ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್-ರೀಸ್ ಅಪ್ಪ ಕೀಟಗಳಿಗೆ ಜೋರಾಗಿ ಎಕ್ಸ್‌ರೇ ಹಾಯಿಸಿ ಅವುಗಳ ಕ್ರೋಮೋಸೋಮ್ ಹಾಳು ಮಾಡಿದರು. ಹೆಣ್ಣು ಮರಿಗಳು ಸತ್ತವು. ಗಂಡು ಮರಿಗಳು ಬದುಕಿದವು. ಗಂಡಿನಲ್ಲಿ ಅಪ್ಪನಿಂದ ಬಂದ ಗುಂಪು ಹೇಗೂ ಮುಚ್ಚಿರುತ್ತದೆ, ಕೆಟ್ಟಿದ್ದರೂ ತೊಂದರೆಯಿಲ್ಲ. ಇನ್ನೂ ಸ್ವಾರಸ್ಯ ಎಂದರೆ, ಗಂಡಿನ ಕರುಳಿನಂಥ ಕೆಲವು ಅಂಗಾಂಶಗಳಲ್ಲಿ ಆ ಸುರುಳಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಮುಚ್ಚುವುದು ಬಿಚ್ಚುವುದು ಎರಡೂ ಅಂಗಾಂಶ ನೋಡಿಕೊಂಡು ನಡೆಯುತ್ತದೆ.

ಬ್ರೌನ್ ಅವರ ಜೊತೆ ಈ ಕೀಟಗಳ ಮೇಲೆ ಕೆಲಸ ಮಾಡಿದ ಎಚ್. ಶರತ್ ಚಂದ್ರ ಅವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಊರಿನ ಹಿರಿಯರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗದಲ್ಲಿ, ಪ್ರಾಧ್ಯಾಪಕರಾಗಿದ್ದರು. ಹೆಣ್ಣು ಸಸ್ತನಿಗಳ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಮುಚ್ಚಿಕೊಳ್ಳುತ್ತದೆ ಎಂದು ಮೇರಿ ಲಯನ್ 1961ರಲ್ಲಿ ಹೇಳಿದ್ದರು. ಅದು ಹೇಗೆ ನಡೆಯಬಹುದು ಎಂದು ಬ್ರೌನ್ ಮತ್ತು ಶರತ್ ಚಂದ್ರ 1973ರಲ್ಲಿ ಒಂದು ಮಾದರಿ ಮುಂದಿಟ್ಟರು. ದಾಸವಾಳದ ಮೇಲಿನ ತಿಗಣೆಯ ಬಂಧುಗಳಿಂದ ನಮ್ಮ ತಾಯಂದಿರ ಕೋಶದವರೆಗೆ ಹೋದ ಯೋಚನೆ ಅದು. ಇದು ನಮ್ಮ ಶಾಲೆಯ ಪಾಠದಲ್ಲಿ ಬರಬೇಕು ಎಂದು ನನಗೆ ಬಹಳ ಆಸೆ.

ದೇಹವೇ ಬೇಕೆಂದು ಈ ನಿಯಮ ಮುರಿಯುವ ಜಾಗ ಒಂದಿದೆ. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ. ಅಲ್ಲಿನ ಕೆಲವು ಕೋಶಗಳು ಇನ್ಸುಲಿನ್ ಸೇರಿದಂತೆ ಬೇರೆ ಬೇರೆ ಅಂಗಗಳ ಜೀನ್‌ಗಳನ್ನು ಸ್ವಲ್ಪ ಸ್ವಲ್ಪ ತೆರೆದು ತೋರಿಸುತ್ತವೆ. ರೋಗ ತಡೆಯುವ ಎಳೆಯ ಟಿ ಕೋಶಗಳಿಗೆ "ಇವರು ನಮ್ಮವರು, ಇವರ ಮೇಲೆ ಬೀಳಬೇಡಿ" ಎಂದು ಪರಿಚಯಿಸಲು. ಇದನ್ನು ನಡೆಸುವ ಏರ್ ಎಂಬ ಜೀನ್ ಕೆಟ್ಟವರಲ್ಲಿ ದೇಹ ತನ್ನದೇ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ.

ಈಗ ನಾನು ಮುಖ್ಯವಾಗಿ ಹೇಳಲು ಬಂದ ಮಾತು. ಹೊಟ್ಟೆಯಲ್ಲಿರುವ ಮಗುವಿನ ರಕ್ತದಲ್ಲಿ ಬೇರೆ ಹಿಮೋಗ್ಲೋಬಿನ್ ಇರುತ್ತದೆ. ಅದು ತಾಯಿಯ ರಕ್ತದಿಂದ ಆಕ್ಸಿಜನ್ ಎಳೆದುಕೊಳ್ಳುವುದರಲ್ಲಿ ಜಾಣ. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ಜೀನ್ ಮುಚ್ಚಿ, ದೊಡ್ಡವರ ಹಿಮೋಗ್ಲೋಬಿನ್ ಜೀನ್ ಕೆಲಸ ವಹಿಸಿಕೊಳ್ಳುತ್ತದೆ. ಸಿಕಲ್ ಸೆಲ್ ಕಾಯಿಲೆ ಇರುವವರಲ್ಲಿ ಈ ದೊಡ್ಡವರ ಜೀನಿನಲ್ಲೇ ಒಂದು ಅಕ್ಷರ ತಪ್ಪಿದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆ ನೋವು ಕಂಡವರಿಗೇ ಗೊತ್ತು. ನಮ್ಮ ರಾಜ್ಯದಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲಿ ಇದು ಇದೆ.

1948ರಲ್ಲಿ ಜಾನೆಟ್ ವಾಟ್ಸನ್ ಎಂಬ ವೈದ್ಯೆ ಒಂದು ಸಂಗತಿ ಗಮನಿಸಿದರು. ಈ ಕಾಯಿಲೆ ಇರುವ ಮಕ್ಕಳು ಹುಟ್ಟಿದ ಹೊಸದರಲ್ಲಿ ಚೆನ್ನಾಗಿಯೇ ಇರುತ್ತಾರೆ. ಮಗುವಿನ ಹಿಮೋಗ್ಲೋಬಿನ್ ಇರುವವರೆಗೆ ಅದೇ ಕಾಯುತ್ತಿದೆ ಎಂದು ಅವರು ಊಹಿಸಿದರು. ಅಂದರೆ ಮದ್ದು ರೋಗಿಯ ಒಳಗೇ ಇದೆ, ಬೀಗ ಹಾಕಿ ಇಟ್ಟಿದೆ. ಬೀಗ ಯಾವುದು ಎಂದು ಗೊತ್ತಾಗಲು 60 ವರ್ಷ ಹಿಡಿಯಿತು. 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಜೊತೆಗಾರರು ಬಿಸಿಎಲ್11ಎ ಎಂಬ ಪ್ರೋಟೀನ್ ಆ ಜೀನನ್ನು ಅದುಮಿ ಹಿಡಿಯುತ್ತದೆ ಎಂದು ತೋರಿಸಿದರು.

ಹಾಗಾದರೆ ಅದನ್ನು ತೆಗೆದುಹಾಕಿದರೆ ಆಯಿತಲ್ಲ? ಆಗುವುದಿಲ್ಲ. ಆ ಪ್ರೋಟೀನ್ ಮಿದುಳಿಗೂ ಬೇಕು, ರೋಗ ತಡೆಯುವ ಬಿ ಕೋಶಗಳಿಗೂ ಬೇಕು. ಇಲ್ಲಿ ನಮ್ಮ ಇವತ್ತಿನ ವಿಷಯವೇ ಕೈ ಹಿಡಿಯಿತು. ಬಿಸಿಎಲ್11ಎ ಜೀನಿಗೆ ಕೆಂಪು ರಕ್ತಕಣದ ಸಾಲಿನಲ್ಲಿ ಮಾತ್ರ ಬಳಕೆಯಾಗುವ ಒಂದು ಸ್ವಿಚ್ ಇದೆ. ರೋಗಿಯ ರಕ್ತ ಹುಟ್ಟಿಸುವ ಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ಕತ್ತರಿಯಿಂದ ಆ ಸ್ವಿಚ್ಚನ್ನು ಮಾತ್ರ ಕೆಡಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವು.

ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಕಾಡಂಚಿನ ಹಾಡಿಯ ಮಗುವಿಗೆ ಇದು ಸಿಗುವ ಮಾತಲ್ಲ. ನನಗೆ ಇದು ನಿಜಕ್ಕೂ ಸಂಕಟ ಕೊಡುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಅಗ್ಗದ ಮಾತ್ರೆ ಇದೆ. ಅದು ಎಷ್ಟೋ ಜನರಲ್ಲಿ ಮಗುವಿನ ಹಿಮೋಗ್ಲೋಬಿನ್ನನ್ನು ಸ್ವಲ್ಪ ಏರಿಸುತ್ತದೆ, ನೋವಿನ ದಿನಗಳನ್ನು ಕಡಿಮೆ ಮಾಡುತ್ತದೆ. ಅದಾದರೂ ವೈದ್ಯರ ಕಣ್ಗಾವಲಿನಲ್ಲಿ ತಪ್ಪದೆ ಸಿಗಬೇಕು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರು ಮಾಡಿದೆ. ಹಳ್ಳಿಯಲ್ಲಿ ರಕ್ತ ಪರೀಕ್ಷೆಗೆ ಕರೆದರೆ ಹೋಗಿ, ನಿಮಗೆ ಗೊತ್ತಿರುವವರಿಗೂ ಹೇಳಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕಾಲೇಜು ಹುಡುಗಿಯೊಬ್ಬಳು, "ಮೇಡಂ, ಸರಿಯಾದ ಕೀಲಿಕೈ ಕೊಟ್ಟರೆ ಯಾವ ಕೋಶ ಬೇಕಾದರೂ ಏನು ಬೇಕಾದರೂ ಆಗುತ್ತಾ?" ಎಂದು ಕೇಳಿದಳು. 1987ರಲ್ಲಿ ಮಯೋಡಿ ಎಂಬ ಒಂದೇ ಜೀನ್ ಹಾಕಿ ಸಾಧಾರಣ ಕೋಶವನ್ನು ಸ್ನಾಯು ಮಾಡಿದರು. 2006ರಲ್ಲಿ ಶಿನ್ಯಾ ಯಮನಾಕ ಮತ್ತು ಕಝುತೋಶಿ ತಕಹಾಶಿ ನಾಲ್ಕು ಜೀನ್ ಹಾಕಿ ಇಲಿಯ ಚರ್ಮದ ಕೋಶವನ್ನು ಭ್ರೂಣದ ಕೋಶದ ಹಾಗೆ ಮಾಡಿದರು. ಆದರೆ ಸಾವಿರಾರು ಕೋಶಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಒಪ್ಪಿದವು. ಉಳಿದವುಗಳಲ್ಲಿ ಹಳೆಯ ಮೌನ ಗಟ್ಟಿಯಾಗಿ ಕೂತಿರುತ್ತದೆ. ಇದನ್ನೇ ಅವಳಿಗೆ ಹೇಳಿದೆ.

ಕೊನೆಗೆ ಒಬ್ಬ ಹುಡುಗ, ಏಳೆಂಟು ವರ್ಷದವನು, ಗೂಡು ಹಿಡಿದುಕೊಂಡೇ ಹತ್ತಿರ ಬಂದ. "ಆಂಟಿ, ಚಿಟ್ಟೆಗೂ ದಾರದ ಚೀಲ ಇರುತ್ತಾ?"

ಇಲ್ಲ ಎಂದೆ. ಗೂಡು ಕಟ್ಟಿದ ಮೇಲೆ ಒಳಗೆ ಆ ಗ್ರಂಥಿ ಸಾಯುತ್ತದೆ, ಕರಗುತ್ತದೆ.

"ಹಂಗಾದ್ರೆ ಅದರ ಮರಿಗೆ ದಾರ ಎಲ್ಲಿಂದ ಬರುತ್ತೆ?"

ಅವನ ಎತ್ತರಕ್ಕೆ ಕೂತು ಹೇಳಿದೆ. ಎಳೆ ನೂತ ಕೋಶಗಳು ಯಾವುದೂ ಉಳಿಯುವುದಿಲ್ಲ ಮರಿ. ಚಿಟ್ಟೆ ನಾನೂರು ಐನೂರು ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳಾಗುವ ಕೋಶಗಳು ಒಂದು ದಿನವೂ ಎಳೆ ನೂತವಲ್ಲ. ದಾರದ ಜೀನನ್ನು ಮುಚ್ಚಿಟ್ಟುಕೊಂಡು ಹಾಗೇ ಕೂತಿದ್ದವು. ಮರಿಗೆ ಹೋಗುವುದು ಅವು ಇಟ್ಟುಕೊಂಡಿದ್ದ ಜೀನೇ.

ಅವನು ಗೂಡನ್ನು ಮತ್ತೆ ಕಿವಿಗೆ ಹಿಡಿದ. "ಇದನ್ನ ತಗೊಂಡು ಹೋಗ್ಲಾ?"

ತಗೊಂಡು ಹೋಗು ಎಂದೆ. ಕಿಸೆಯಲ್ಲಿ ಇಟ್ಟುಕೊಳ್ಳಬೇಡ, ಗಾಳಿ ಆಡುವ ಡಬ್ಬಿಯಲ್ಲಿ ಇಡು. ಇನ್ನು ಏಳೆಂಟು ದಿನಕ್ಕೆ ಚಿಟ್ಟೆ ಬರಬಹುದು.